ಕರ್ಕಿಯ ಹುಡುಗನಿಗೆ ಎಂತ ಕೆಲಸ?

ನಮ್ಮ ಕಡೆ ಹುಡುಗರ ಕೆಲಸವನ್ನು ಅಳೆಯುವುದು ಬಸ್ಸಿನಿಂದ. ಬೆಳಿಗ್ಗೆ ಇಸ್ತ್ರಿ ಅಂಗಿ ಹಾಕಿ, ಹೆಗಲಿಗೆ ಬ್ಯಾಗು ಏರಿಸಿ, ಹೆದ್ದಾರಿಯ ಬದಿಗೆ ಬಂದು ಹೊನ್ನಾವರದ ಕಡೆಗೋ ಭಟ್ಕಳದ ಕಡೆಗೋ ಹೋಗುವ ಬಸ್ಸಿಗೆ ಕೈ ಅಡ್ಡ ಹಿಡಿದನೆಂದರೆ ಅವನಿಗೆ ಕೆಲಸ ಇದೆ. ಸಂಜೆ ಅದೇ ಅಂಗಿ ಮುದುಡಿಕೊಂಡು ಇಳಿದರೆ ಕೆಲಸ ಒಳ್ಳೆಯದೇ ಇದ್ದೀತು. ಲುಂಗಿ ಉಟ್ಟು ಹಗಲು ಹೊತ್ತು ಜಗಲಿಯಲ್ಲಿ ಕೂತವನು ಎಷ್ಟೇ ದುಡಿಯಲಿ, ಊರಿನ ಬಾಯಲ್ಲಿ ಅವನು 'ಮನೇಲೇ ಇದ್ದ', ಎಂದರೆ ಕೆಲಸವಿಲ್ಲದೆ ಮನೆಯಲ್ಲೇ ಇದ್ದಾನೆ. ಈ 'ಮನೇಲೇ ಇದ್ದ' ಎಂಬ ಮಾತಿಗೆ ಎಷ್ಟು ಸಂಬಂಧಗಳು ಮುರಿದುಬಿದ್ದಿವೆಯೋ ಲೆಕ್ಕ ಇಟ್ಟವರಿಲ್ಲ. ನನ್ನ ಮಗಳದ್ದೂ ಮುರಿಯುವುದರಲ್ಲಿತ್ತು.

ನನ್ನದು ಕಣ್ಣಿಗೆ ಕಾಣುವ ಕೆಲಸ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಚಿರೇಕಲ್ಲು ಹೊರಲು ಹೋದೆ, ಕಲ್ಲು ಹೊತ್ತವನು ಕಲ್ಲು ಕೆತ್ತಿದೆ, ಕೆತ್ತಿದವನು ಗೋಡೆ ಎಬ್ಬಿಸಿದೆ, ಈಗ ನನ್ನನ್ನು ಮಾವಳ್ಳಿಯಲ್ಲಿ ಎಲ್ಲರೂ ಮೇಸ್ತ್ರಿ ಎನ್ನುತ್ತಾರೆ. ಶಾಲೆ ಬಿಟ್ಟಿದ್ದಕ್ಕೆ ನನಗೆ ಬೇಸರವಿಲ್ಲ. ಭಟ್ಕಳದಿಂದ ಬಸ್ಸು ಹತ್ತಿದರೆ ಎಡಕ್ಕೂ ಬಲಕ್ಕೂ ನಾನು ಕಟ್ಟಿದ ಮನೆಗಳು ಸಿಗುತ್ತವೆ. ಪಕ್ಕದಲ್ಲಿ ಕೂತವರಿಗೆ ಒಂದೊಂದನ್ನೇ ತೋರಿಸಿ, ಯಾವುದಕ್ಕೆ ಎಲ್ಲಿಯ ಕಲ್ಲು, ಯಾವುದರ ಸ್ಲ್ಯಾಬು ಹಾಕುವ ದಿನ ಮಳೆ ಬಂತು ಎಂದೆಲ್ಲ ಹೇಳುತ್ತೇನೆ. ಕೆಲವರು ಶಿರಾಲಿ ಬರುವ ಮೊದಲೇ ಸೀಟು ಬದಲಿಸುತ್ತಾರೆ. ಅವರಿಗೆ ಗಾಳಿ ಬೇಕಾಗಿರುತ್ತದೆ, ಇರಲಿ.

ಮುಂದಿನ ಕಾಲಕ್ಕೆ ಯಾವ ಕೆಲಸ ಒಳ್ಳೆಯದು ಎಂದು ಹೇಳುವ ಜವಾಬ್ದಾರಿ ನಮ್ಮ ಮನೆಯಲ್ಲಿ ನನ್ನದಲ್ಲ. ಅದು ನನ್ನ ಹೆಂಡತಿಯ ಅಣ್ಣ, ನಮ್ಮ ಬಾವನದು. ಅವರು ಸೊಸೈಟಿಯಲ್ಲಿ ಗುಮಾಸ್ತರಾಗಿ ಸೇರಿ ಗುಮಾಸ್ತರಾಗಿಯೇ ನಿವೃತ್ತರಾದವರು. ಆದರೆ ಭವಿಷ್ಯ ಅವರಿಗೆ ಅಂಗೈಯಲ್ಲಿ ಕಾಣುತ್ತದೆ. ಟೈಪಿಂಗ್ ಕಲಿತವನು ಉಪವಾಸ ಬೀಳುವುದಿಲ್ಲ ಎಂದು ಒಂದು ಕಾಲದಲ್ಲಿ ಹೇಳಿದರು. ಅವರ ಮಾತು ಕೇಳಿ ಕುಮಟಾಕ್ಕೆ ಹೋಗಿ ಟೈಪಿಂಗ್ ಕಲಿತ ನಮ್ಮ ಕೇರಿಯ ಹುಡುಗ ಎರಡೂ ಕೈಯ ಬೆರಳು ಪಳಗಿಸಿಕೊಳ್ಳುವಷ್ಟರಲ್ಲಿ ಮಷಿನ್ನೇ ಗುಜರಿಗೆ ಹೋಗಿತ್ತು. ಆಮೇಲೆ ಎಸ್‌ಟಿಡಿ ಬೂತ್ ಎಂದರು. ಅವರ ಗೆಳೆಯರೊಬ್ಬರಿಗೆ ಮುರ್ಡೇಶ್ವರದಲ್ಲಿ ಗಾಜಿನ ಬೂತನ್ನು ನಾನೇ ಕಟ್ಟಿಕೊಟ್ಟೆ. ಈಗ ಅದರೊಳಗೆ ಎಳನೀರು ರಾಶಿ ಹಾಕುತ್ತಾರೆ. ಸಿಗಡಿ ಕೆರೆ ಎಂದರು, ಮದುವೆ ವಿಡಿಯೋ ಎಂದರು, ಮೊಬೈಲ್ ರಿಪೇರಿ ಎಂದರು. ಯಾವುದೂ ಸುಳ್ಳಲ್ಲ. ಎಲ್ಲವೂ ಒಂದೊಂದು ಕಾಲಕ್ಕೆ ನಿಜವೇ. ಬಾವ ಹೇಳುವ ಹೊತ್ತಿಗೆ ಆ ಕಾಲ ಮುಗಿದಿರುತ್ತಿತ್ತು, ಅಷ್ಟೇ.

ನನ್ನ ಮಗಳಿಗೆ ಅವರು ಬ್ಯಾಂಕು ಎಂದಿದ್ದರು. ಅವಳು ಕೇಳಲಿಲ್ಲ. ಲ್ಯಾಬ್ ಟೆಕ್ನಿಷಿಯನ್ ಕಲಿತು ಕುಮಟಾದ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುತ್ತಾಳೆ. ದಿನಾ ಬಸ್ಸಿಗೆ ಹೋಗುತ್ತಾಳೆ, ದಿನಾ ಬರುತ್ತಾಳೆ. ಹಾಗಾಗಿ ಅವಳ ಕೆಲಸದ ಬಗ್ಗೆ ಊರಿಗೆ ಸಂಶಯವಿಲ್ಲ.

ಸಂಬಂಧ ತಂದವಳು ಕುಮಟಾದಲ್ಲಿರುವ ನನ್ನ ಹೆಂಡತಿಯ ಚಿಕ್ಕಮ್ಮನ ಮಗಳು. ಹುಡುಗ ಕರ್ಕಿಯವನು. ಅವಳ ಮನೆಯಲ್ಲೇ ಹುಡುಗ ಹುಡುಗಿ ಕೂತು ಮಾತಾಡಿದರು. ಮಗಳು ಸಂಜೆ ಮನೆಗೆ ಬಂದವಳೇ ಕೈಕಾಲು ಕೂಡ ತೊಳೆಯದೆ, "ಅಪ್ಪಾ, ನಂಗೆ ಒಪ್ಪಿಗೆ," ಎಂದಳು. ಅದೇ ಉಸಿರಿನಲ್ಲಿ, "ಇದು ಆಗ್ಲಿಲ್ಲ ಅಂದ್ರೆ ಇನ್ನೊಂದು ಸದ್ಯಕ್ಕೆ ತರೂಕೆ ಹೋಗ್ಬೇಡ," ಎಂದೂ ಹೇಳಿದಳು. ಅವಳು ನನ್ನ ಮಗಳು. ಹೇಳಿದ್ದು ಹೇಳಿದ್ದೇ.

"ಹುಡುಗಂಗೆ ಎಂತ ಕೆಲಸ?" ಎಂದು ಕೇಳಿದೆ.

"ಹಡಗಿನಲ್ಲಿ ಮೀನು, ಸಿಗಡಿ ಎಲ್ಲಾ ಥಂಡಿ ಪೆಟ್ಟಿಗೇಲಿ ಹಾಕಿ ಪರದೇಶಕ್ಕೆ ಕಳಸ್ತ್ರಲ್ಲ, ಆ ಕಂಟೇನರ್ ಸರಿಯಾಗಿ ಥಂಡಿ ಅದ್ಯ ಇಲ್ವಾ ಅಂತ ಕಂಪ್ಯೂಟರಿನಲ್ಲಿ ನೋಡೂದು. ಕೊಚ್ಚಿ ಕಂಪನಿ."

"ಹಾಂಗಾರೆ ಕೊಚ್ಚೀಲಿ ಇರ್ತ?"

"ಇಲ್ಲ. ಮನೇಲೇ."

ಬಂತಲ್ಲ ಆ ಮಾತು. ನನ್ನ ಹೆಂಡತಿ ಒಲೆಯ ಮುಂದಿನಿಂದ ಇಣುಕಿದಳು.

"ಮನೇಲಿ ಕೂತ್ಕಂಡು ಹಡಗಿನಲ್ಲಿರೂ ಪೆಟ್ಟಿಗೆ ನೋಡ್ತ?" ಎಂದೆ. "ನೋಡೂದು ಒಂದು ಕೆಲಸ ಹೌದನೇ? ನೋಡೂದು ಯಜಮಾನಂದು ಕೆಲಸ."

"ಭಟ್ಕಳದ ಆ ಮನೆಯವ್ರು ದುಬೈಲಿ ಕೂತ್ಕಂಡು ಕ್ಯಾಮರಾದಲ್ಲಿ ನಿನ್ನ ನೋಡ್ತ್ರಲ್ಲ, ಅದು?" ಎಂದಳು ಮಗಳು.

ಅದೊಂದು ಮಾತು ಅವಳು ಎತ್ತಬಾರದಿತ್ತು. ಭಟ್ಕಳದಲ್ಲಿ ನಾನು ಕಟ್ಟುತ್ತಿದ್ದ ಮನೆಯ ಯಜಮಾನರು ಎದುರಿನ ತೆಂಗಿನಮರಕ್ಕೆ ಕ್ಯಾಮರಾ ಕಟ್ಟಿಸಿ, ದುಬೈಯಿಂದ ಫೋನು ಮಾಡಿ, "ಮೇಸ್ತ್ರಿ ಸಾಬ್, ಚಾಯ್ ಆಯ್ತಾ?" ಎಂದು ಕೇಳುತ್ತಿದ್ದರು. ಚಾ ಆಗಿ ತುಂಬ ಹೊತ್ತಾಗಿದೆ, ಇನ್ನು ಏಳಿ ಎಂಬುದು ಅದರ ಅರ್ಥ. ನಾನು ಆ ಮರದ ಕಡೆಗೆ ಬೆನ್ನು ಮಾಡಿ ಕೂತು ಚಾ ಕುಡಿಯುವುದನ್ನು ಮನೆಯಲ್ಲಿ ಹೇಳಿ ನಗಾಡಿದ್ದು ನಾನೇ. ಈಗ ಅದು ನನಗೇ ತಿರುಗಿತು.

"ಅವ್ರು ಸಂಬಳ ಕೊಟ್ಟು ನೋಡ್ತ್ರು, ಇಂವ ಸಂಬಳ ತಕ್ಕಂಡು ನೋಡ್ತ," ಎಂದೆ. "ನಾನು ಒಂದ್ಸಲ ವಿಚಾರಣೆ ಮಾಡ್ಕಂಡು ಬತ್ತೆ. ಆಮೇಲೆ ಹೌದು ಅಲ್ಲ ಹೇಳ್ತೆ."

ವಿಚಾರಣೆ ಅಂದರೆ ನಮ್ಮಲ್ಲಿ ಒಂದು ಕ್ರಮ. ಹುಡುಗನ ಮನೆಗೆ ಹೇಳದೆ ಅವನ ಊರಿಗೆ ಹೋಗಬೇಕು. ಚಾದಂಗಡಿಯಲ್ಲಿ ಕೂರಬೇಕು, ಕ್ಷೌರದ ಅಂಗಡಿಯಲ್ಲಿ ಗಡ್ಡ ಕೆರೆಸಿಕೊಳ್ಳಬೇಕು, ಮೀನು ಮಾರುವವಳ ಹತ್ತಿರ ಬೇಡದಿದ್ದರೂ ಒಂದಿಷ್ಟು ಬಂಗಡೆ ತೆಗೆದುಕೊಳ್ಳಬೇಕು. ನಡುನಡುವೆ ಬೇರೆ ಯಾರನ್ನೋ ಹುಡುಕಿ ಬಂದವರ ಹಾಗೆ ಹುಡುಗನ ಮನೆಯ ಸುದ್ದಿ ಎತ್ತಬೇಕು. ನಾವು ಎಂತಕ್ಕೆ ಬಂದಿದ್ದೇವೆ ಎಂದು ಎಲ್ಲರಿಗೂ ಗೊತ್ತಿರುತ್ತದೆ. ಗೊತ್ತಿಲ್ಲದವರ ಹಾಗೆ ಅವರು ಹೇಳುತ್ತಾರೆ, ಗೊತ್ತಾಗದವರ ಹಾಗೆ ನಾವು ಕೇಳುತ್ತೇವೆ.

ಬಾವ ತಮ್ಮ ಸ್ಕೂಟರು ತಂದರು. ಹೆಲ್ಮೆಟ್ಟಿನ ಮೇಲೆ ಕಪ್ಪು ಕನ್ನಡಕ ಬೇರೆ. "ಯಾರಿಗೂ ಗುರ್ತು ಸಿಗೂಕಾಗ," ಎಂದರು. ಕರ್ಕಿಯಲ್ಲಿ ಅವರನ್ನು ನೋಡಿದವರು ಮೊದಲೇ ಯಾರೂ ಇರಲಿಲ್ಲ.

ಚಾದಂಗಡಿಯವನು ಹುಡುಗನ ಸುದ್ದಿ ಬಂದ ಕೂಡಲೇ, "ಭಾರೀ ಚಲೋ ಹುಡುಗ. ದಿನಾ ಬೆಳಿಗ್ಗೆ ಬ್ಯಾಗ್ ಹಾಕ್ಕಂಡು, ಟಿಫಿನ್ ಹಿಡ್ಕಂಡು ಹೊನ್ನಾವರದ ಬಸ್ಸಿಗೆ ಹೋಗ್ತ," ಎಂದ.

ಬಾವ ನನ್ನ ಮುಖ ನೋಡಿದರು. ನಾನು ಚಾ ಲೋಟ ಕೆಳಗಿಟ್ಟೆ. ಮಗಳು ಮನೆಯಲ್ಲೇ ಕೆಲಸ ಎಂದಿದ್ದಳು. ಊರು ಬಸ್ಸಿಗೆ ಹೋಗುತ್ತಾನೆ ಎನ್ನುತ್ತಿದೆ. ಇಂಥ ವಿಚಾರಣೆಗೆ ಹೋದವರಿಗೆ ಕೆಟ್ಟ ಸುದ್ದಿ ಸಿಕ್ಕಿ ತಲೆಬಿಸಿಯಾಗುವುದುಂಟು. ನನಗೆ ಒಳ್ಳೆಯ ಸುದ್ದಿ ಸಿಕ್ಕಿ ತಲೆಬಿಸಿಯಾಯಿತು.

ಕ್ಷೌರದವನು ಬಾವನ ಗಲ್ಲಕ್ಕೆ ಸಾಬೂನು ಹಚ್ಚುತ್ತ ಇನ್ನೊಂದು ಮಾತು ಹೇಳಿದ. "ಮೊದ್ಲು ಮನೇಲೇ ಇದ್ದಿದ್ದ. ಈಗ ಮಳೆಗಾಲ ಮುಗ್ದ ಮೇಲಿಂದ ಹೋಗೂಕೆ ಶುರು ಮಾಡಿದ."

ಇನ್ನು ಮೀನಿನವಳು. ಅವಳು ಹೊನ್ನಾವರದ ಹೊಳೆಯಾಚೆಯ ಕಾಸರಕೋಡದಿಂದ ಬುಟ್ಟಿ ಹೊತ್ತು ಬಂದು ಕರ್ಕಿಯಲ್ಲಿ ಮಾರುವವಳು. ಬಂಗಡೆ ಎಣಿಸುತ್ತ ಎಣಿಸುತ್ತ ನಗಾಡಿದಳು. "ಬಸ್ಸಿಗೆ ಹೋಗ್ತ, ಅದು ಹೌದು. ಹೋಗಿ ನಮ್ಮ ಬಂದರಿನಲ್ಲಿ ಕೂತ್ಕಂಬ್ತ. ಬೋಟು ನೋಡ್ತ, ಟಿಫಿನ್ ತಿಂತ, ಮಧ್ಯಾಹ್ನದ ಒಳಗೆ ತಿರುಗಿ ಬತ್ತ. ಈಗ್ಲೂ ಅಲ್ಲೇ ಇದ್ದಿಕ್ಕು, ಹೋಗಿ ನೋಡಿ."

ಹೊಳೆಯ ಸೇತುವೆ ದಾಟುವಾಗ ಬಾವ ಸ್ಕೂಟರು ಓಡಿಸುತ್ತಲೇ ತೀರ್ಪು ಕೊಟ್ಟರು. "ಹುಡುಗಿಗೊಂದು ಹೇಳಿದ್ದ, ಊರಿಗೊಂದು ತೋರಿಸ್ತ, ಮಾಡೂದು ಎರಡೂ ಅಲ್ಲ. ಮೊಬೈಲಿನಲ್ಲಿ ಜುಗಾರಿ ಇರ್ಬೇಕು. ಈಗಿನ ಕಾಲದಲ್ಲಿ ಅದೇ."

ಮನೆಗೆ ಹೋಗಿ ಮಗಳಿಗೆ ಏನು ಹೇಳುವುದು ಎಂಬುದೇ ನನ್ನ ಚಿಂತೆಯಾಗಿತ್ತು. ಒಪ್ಪಿಗೆ ಎಂದ ಆ ಸಂಜೆ ಅವಳ ಮುಖ ಹೇಗಿತ್ತೆಂದು ನನಗೆ ಗೊತ್ತು.

ಬಂದರಿನಲ್ಲಿ ಆಗಷ್ಟೇ ಬೋಟುಗಳು ಬಂದಿದ್ದವು. ಒಣಗಲು ಹರವಿದ ಮೀನಿನ ವಾಸನೆ, ಕಾಗೆಗಳ ಗಲಾಟೆ. ಮಂಜುಗಡ್ಡೆ ಕಾರ್ಖಾನೆಯ ನೆರಳಿನ ಕಟ್ಟೆಯ ಮೇಲೆ ಹುಡುಗ ಕೂತಿದ್ದ. ಫೋಟೋದಲ್ಲಿ ನೋಡಿದ್ದೆನಾದ್ದರಿಂದ ಗುರುತು ಸಿಕ್ಕಿತು. ಇಸ್ತ್ರಿ ಅಂಗಿ, ಬೂಟು, ಪಕ್ಕದಲ್ಲಿ ಬ್ಯಾಗು. ತೊಡೆಯ ಮೇಲೆ ಟಿಫಿನ್ ಇಟ್ಟುಕೊಂಡು ದೋಸೆ ತಿನ್ನುತ್ತಿದ್ದ. ಅವನು ನನ್ನನ್ನು ನೋಡಿದವನಲ್ಲ. ಬಾವನನ್ನು ಒಂದು ಟೆಂಪೋದ ಹಿಂದೆ ನಿಲ್ಲಿಸಿ ನಾನು ಹೋಗಿ ಅವನ ಪಕ್ಕದಲ್ಲಿ ಕೂತೆ.

"ಎಂತ ತಮಾ, ಕೆಲಸಕ್ಕೆ ಹೋಗುದಿಲ್ವಾ?" ಎಂದೆ.

"ಕೆಲಸ ಮಧ್ಯಾಹ್ನದ ಮೇಲೆ. ಈಗ, ಕೆಲಸ ಅದೆ ಅಂತ ತೋರಿಸೂ ಕೆಲಸದಲ್ಲಿ ಇದ್ದೆ," ಎಂದ.

ನನಗೆ ನಗು ಬಂತು. ಬರಬಾರದಿತ್ತು, ಬಂತು. ಕೇಳಿದ್ದಕ್ಕೆ ಅವನು ಎಲ್ಲವನ್ನೂ ಹೇಳಿದ. ಅಪರಿಚಿತರ ಹತ್ತಿರ ಬಾಯಿ ಬಿಡುವುದು ಎಲ್ಲರಿಗೂ ಸುಲಭ. ಕೊರೋನಾ ಬಂದಾಗ ಕಂಪನಿಯವರು ಮನೆಯಿಂದಲೇ ಮಾಡಿ ಎಂದರು, ಮತ್ತೆ ವಾಪಸ್ಸು ಕರೆಯಲೇ ಇಲ್ಲ. ಕರ್ಕಿಯಲ್ಲೇ ಕೂತು ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರವರೆಗೆ ಕೆಲಸ. ಬೆಳಿಗ್ಗೆ ಬಿಡುವು. ಆ ಬಿಡುವಿನಲ್ಲಿ ಲುಂಗಿ ಉಟ್ಟು ಜಗಲಿಯಲ್ಲಿ ಕೂತಿದ್ದನ್ನೇ ಊರು ನೋಡಿತು. ಅಂಕೋಲಾ ಕಡೆಯಿಂದ ಹುಡುಗಿಯ ಮನೆಯವರು ವಿಚಾರಣೆಗೆ ಬಂದರು, ಚಾ ಕುಡಿದರು, ಮನೆಯ ಅಂಗಳಕ್ಕೂ ಬಾರದೆ ತಿರುಗಿ ಹೋದರು.

"ಅವತ್ತಿಂದ ಆಯಿ ನನ್ನ ಬಸ್ಸಿಗೆ ಹತ್ತಿಸ್ತದೆ," ಎಂದ. "ನಾ ಬೇಡ ಅಂದೆ. ಊಟ ಬಿಟ್ಟು ಕೂತ್ಕಂಡ್ತು. ಆತು ಅಂತ ಬತ್ತಾ ಇದ್ದೆ. ಬೂಟು ಒಂದು ಕಚ್ತದೆ."

"ಮತ್ತೆ ಈಗ ಯಾವುದಾದ್ರೂ ಸಂಬಂಧ ಬಂದದ್ಯ?"

"ಬಂದದೆ. ಮಾವಳ್ಳಿ ಕಡೆ. ಹುಡುಗಿ ಹತ್ರ ಇದ್ದದ್ದು ಇದ್ದಹಾಂಗೆ ಹೇಳಿದ್ದೆ. ಅದು ಎಲ್ಲಾ ಸಮಾ ಅರ್ಥ ಮಾಡ್ಕಂಡದೆ. ಆದ್ರೆ ಅವರ ಅಪ್ಪ ಮೇಸ್ತ್ರಿಯಂತೆ. ಭಾರೀ ಗತ್ತಿನ ಮನುಷ್ಯ ಅಂತೆ. ಗೋಡೆ ಸೊಟ್ಟ ಕಂಡ್ರೆ ಬೇರೆಯವ್ರು ಕಟ್ಟಿದ್ದನ್ನೂ ಕೆಡಗ್ತ್ರಂತೆ."

"ಅದು ಒಂದೇ ಸಲ," ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡೆ. "ಸೊಟ್ಟ ಇದ್ದಿಕ್ಕು ಮಾರಾಯಾ. ಸೊಟ್ಟ ಇಲ್ದಿದ್ರೆ ಕೆಡಗೂಕೆ ಅವಂಗೆ ಹುಚ್ಚಾ?"

"ಇದ್ದಿಕ್ಕು. ಆದ್ರೆ ಅವ್ರಿಗೆ ಎಂತ ಹೇಳೂದು? ಸುಳ್ಳು ಹೇಳಿರೆ ಹುಡುಗಿ ಬಿಡೂದಿಲ್ಲ, ಸತ್ಯ ಹೇಳಿರೆ ಅಪ್ಪ ನಂಬೂದಿಲ್ಲ."

ಹೀಗೆಂದು ಟಿಫಿನ್ನಿನಲ್ಲಿದ್ದ ಕೊನೆಯ ದೋಸೆಯನ್ನು ನನ್ನ ಕಡೆಗೆ ಹಿಡಿದ. ತಿಂದೆ. ನನ್ನ ಹೊಟ್ಟೆಯಲ್ಲಿ ಆಗಲೇ ಕರ್ಕಿಯ ಚಾದಂಗಡಿಯ ಬನ್ಸು ಇತ್ತು, ಆದರೂ ತಿಂದೆ. ನಾನು ಯಾರೆಂದು ಹೇಳಲಿಲ್ಲ. ಹೇಳಿದರೆ ಮರುಗಳಿಗೆಯಿಂದ ಅವನು ಬೇರೆ ಮಾತು, ಬೇರೆ ಕೂರುವ ಭಂಗಿ ತೆಗೆಯುತ್ತಿದ್ದ.

ಟೆಂಪೋದ ಹಿಂದಿನಿಂದ ಬಾವ, "ಎಂತ? ಜುಗಾರಿ ಹೌದಾ?" ಎಂದು ಪಿಸುಗುಟ್ಟಿದರು.

"ಅಲ್ಲ. ಬಸ್ಸು," ಎಂದೆ. ಅವರಿಗೆ ಅದನ್ನು ಬಿಡಿಸಿ ಹೇಳುವಷ್ಟರಲ್ಲಿ ಮಾವಳ್ಳಿ ಬಂದಿತ್ತು.

ಹುಡುಗ ಸುಳ್ಳನಲ್ಲ ಎಂದು ನನಗೆ ಅಲ್ಲಿಗೆ ನಂಬಿಕೆ ಬಂದಿತ್ತು. ಆದರೆ ಮನುಷ್ಯ ಸತ್ಯವಂತ ಎನ್ನುವುದು ಬೇರೆ, ಅವನು ಮಾಡುವುದು ಕೆಲಸ ಎನ್ನುವುದು ಬೇರೆ. ಹೊಸ ಆಳು ಬಂದರೆ ನಾನು ಅವನ ಊರು, ಹಿಂದಿನ ಮೇಸ್ತ್ರಿ ಯಾರು ಎಂದೆಲ್ಲ ಕೇಳುವುದಿಲ್ಲ. ಕರಣೆ ಕೈಗೆ ಕೊಟ್ಟು ಒಂದು ವರಸೆ ಕಲ್ಲು ಇಡಲು ಹೇಳಿ ಸುಮ್ಮನೆ ಬೀಡಿ ಹಚ್ಚುತ್ತೇನೆ. ಬೀಡಿ ಮುಗಿಯುವಷ್ಟರಲ್ಲಿ ಗೊತ್ತಾಗುತ್ತದೆ. ಇವನನ್ನೂ ಹಾಗೇ ನೋಡಬೇಕು ಎನಿಸಿತು. ಮರುದಿನ ಮಧ್ಯಾಹ್ನ ಊಟ ಮುಗಿಸಿ, ಈ ಸಲ ನೇರವಾಗಿ, ಹುಡುಗನ ಮನೆಯ ಬಾಗಿಲಿಗೇ ಹೋದೆವು.

ಬಾಗಿಲು ತೆಗೆದವನು ಹುಡುಗನೇ. ನನ್ನನ್ನು ನೋಡಿ, "ಅರೆ, ನಿನ್ನೆ ಬಂದರಿನಲ್ಲಿ..." ಎಂದ. ಬಾವ ಮುಂದೆ ಬಂದು, "ಇವ್ರು ಮಾವಳ್ಳಿ ಮೇಸ್ತ್ರಿ. ಹುಡುಗಿ ಅಪ್ಪ," ಎಂದು ಪರಿಚಯ ಮಾಡಿದರು. ಹುಡುಗನ ಮುಖ ಸುಣ್ಣ ಹೊಡೆದ ಗೋಡೆಯ ಹಾಗಾಯಿತು. ನಿನ್ನೆ ಏನೇನು ಹೇಳಿದ್ದೆ ಎಂದು ಒಳಗೊಳಗೇ ನೆನಪು ಮಾಡಿಕೊಳ್ಳುತ್ತಿದ್ದುದು ಎದ್ದು ಕಾಣುತ್ತಿತ್ತು.

ಅಷ್ಟರಲ್ಲಿ ಅವನ ತಾಯಿ ಸೆರಗು ಸರಿಮಾಡಿಕೊಳ್ಳುತ್ತ ಬಂದರು. "ಬನ್ನಿ ಬನ್ನಿ. ಅಂವ ಈಗಷ್ಟೇ ಆಫೀಸಿಂದ ಬಂದ. ಇವತ್ತು ಸ್ವಲ್ಪ ಬೇಗ ಬಿಟ್ರು," ಎಂದರು.

"ಆಯೀ, ಸಾಕು. ಇವ್ರಿಗೆ ಎಲ್ಲಾ ಗೊತ್ತದೆ," ಎಂದ ಹುಡುಗ.

"ಎಂತ ಗೊತ್ತದೆ?"

"ಟಿಫಿನ್ನಿನಲ್ಲಿ ದೋಸೆ ಇತ್ತು ಅನ್ನೂದೂ ಗೊತ್ತದೆ."

ಆ ಹೆಂಗಸು ಒಳಗೆ ಹೋಗಿ ಬೆಲ್ಲ ತಂದಿಟ್ಟರು. ನೀರು ಮರೆತು ಮತ್ತೆ ಒಳಗೆ ಹೋಗಿ ಬಂದರು. ಅವರನ್ನು ನೋಡಿ ನನಗೆ ಪಾಪ ಎನಿಸಿತು. "ಹೆದರ್ಬೇಡಿ ಅಕ್ಕಾ. ನಾನು ಕೆಲಸ ನೋಡೂಕೆ ಬಂದದ್ದು. ಅಂವ ಅವನ ಪಾಡಿಗೆ ಮಾಡ್ಲಿ, ನಾವು ಬದಿಯಲ್ಲಿ ಕೂತ್ಕಂಬ್ತೊ," ಎಂದೆ.

ಕೆಲಸದ ಕೋಣೆ ಎಂದರೆ ಮೊದಲು ಅಕ್ಕಿ ಮೂಟೆ ಇಡುತ್ತಿದ್ದ ಕೋಣೆ. ಎರಡು ಪರದೆ, ಒಂದು ಇನ್ವರ್ಟರು, ಕಿಟಕಿಗೆ ಹಳೆಯ ಸೀರೆ. ಪರದೆಯ ತುಂಬ ಸಾಲುಸಾಲು ಅಂಕೆಗಳು. ಒಂದೊಂದು ಸಾಲೂ ಒಂದೊಂದು ಪೆಟ್ಟಿಗೆ ಎಂದು ಹುಡುಗ ಹೇಳಿದ. ಇದು ಜಪಾನಿನ ದಾರಿಯಲ್ಲಿದೆ, ಇದು ಸಮುದ್ರದ ನಡುವೆ ಇದೆ, ಇದು ಇನ್ನೂ ಲಾರಿಯ ಮೇಲೇ ಇದೆ. ಹಸಿರು ಇದ್ದರೆ ಥಂಡಿ ಸರಿಯಾಗಿದೆ, ಹಳದಿಯಾದರೆ ನೋಡಬೇಕು, ಕೆಂಪಾದರೆ ಒಳಗಿನ ಮಾಲು ಹೋಯಿತೆಂದೇ ಲೆಕ್ಕ.

ಎಲ್ಲವೂ ಹಸಿರೇ ಇತ್ತು. ನೋಡಿದೆ. ಮತ್ತೂ ನೋಡಿದೆ. ಗಂಟೆ ಕಳೆಯಿತು. ನಾನು ಹುಟ್ಟಿದ ಮೇಲೆ ಇಷ್ಟು ಬೇಸರದ ಕೆಲಸವನ್ನು ನೋಡಿರಲಿಲ್ಲ. ಗೋಡೆ ಕಟ್ಟಿದರೆ ಸಂಜೆಗೆ ಗೋಡೆ ಇರುತ್ತದೆ. ಇಲ್ಲಿ ಇಡೀ ದಿನ ದುಡಿದು ಸಂಜೆಗೆ ಏನೂ ಆಗದೇ ಇದ್ದರೆ ಅದೇ ಕೆಲಸ ಆದ ಹಾಗೆ. ಭವಿಷ್ಯ ಬಲ್ಲ ನಮ್ಮ ಬಾವ ಅದರ ಎದುರಿಗೇ ಗೋಡೆಗೆ ತಲೆ ಆನಿಸಿ ಗೊರಕೆ ಹೊಡೆಯತೊಡಗಿದರು.

ಆಗ ಒಂದು ಸಾಲು ಹಳದಿಯಾಯಿತು. ಹುಡುಗ ಬೆನ್ನು ನೆಟ್ಟಗೆ ಮಾಡಿದ. ನೋಡಿದರೆ ಗುಜರಾತಿನ ಕಡೆ ಬಂದರಿಗೆ ಹೋಗುತ್ತಿದ್ದ ಲಾರಿ. ಚಾಲಕ ರಸ್ತೆ ಬದಿಗೆ ನಿಲ್ಲಿಸಿ, ಡೀಸೆಲ್ ಉಳಿಸಲು ಥಂಡಿ ಮಷಿನ್ನು ಬಂದ್ ಮಾಡಿ ಮಲಗಿರಬೇಕು ಎಂದ. ಹುಡುಗ ಫೋನು ಹಚ್ಚಿದ. ಎತ್ತಲಿಲ್ಲ. ಮತ್ತೆ ಹಚ್ಚಿದ. ಎತ್ತಿದ ಕೂಡಲೇ ಇವನು ಬೈಯಬಹುದೆಂದು ನಾನು ಕಾದೆ. ಬೈಯಲಿಲ್ಲ. ಹಿಂದಿಯಲ್ಲಿ, ಊಟ ಆಯಿತಾ ಅಣ್ಣಾ, ಮಗಳ ಪರೀಕ್ಷೆ ಹೇಗಾಯಿತು ಎಂದು ಶುರು ಮಾಡಿದ. ಹಾಗೇ ಮಾತಾಡಿಸುತ್ತ ಮಾತಾಡಿಸುತ್ತ ಅವನನ್ನು ಲಾರಿಯಿಂದ ಇಳಿಸಿ, ಹಿಂದಕ್ಕೆ ನಡೆಸಿ, ಮಷಿನ್ನು ಶುರು ಮಾಡಿಸಿದ. ಆ ಸದ್ದು ಫೋನಿನಲ್ಲಿ ನನಗೂ ಕೇಳಿಸಿತು. ಆದರೂ ಫೋನು ಇಡಲಿಲ್ಲ. ಸಾಲು ಹಸಿರಾಗುವವರೆಗೂ ಅವನನ್ನು ಹಿಡಿದೇ ಇದ್ದ.

ನಾನು ನನ್ನ ಜನ್ಮದಲ್ಲಿ ಎಷ್ಟು ಆಳುಗಳನ್ನು ನೋಡಿದ್ದೇನೆ. ಕೈಯಳತೆಯಲ್ಲಿ ನಿಂತು ಕೂಗಿದರೂ ಕಿವುಡರಾಗುವವರು. ಈ ಹುಡುಗ ಕರ್ಕಿಯ ಅಕ್ಕಿ ಕೋಣೆಯಲ್ಲಿ ಕೂತು ಗುಜರಾತಿನಲ್ಲಿ ಮಲಗಿದವನನ್ನು ನಿದ್ದೆಯಿಂದ ಎಬ್ಬಿಸಿ, ಅವನಿಗೆ ಸಿಟ್ಟೂ ಬಾರದ ಹಾಗೆ ಕೆಲಸ ಮಾಡಿಸಿದ. ಹುಡುಗನ ಅಂಗಿ ಬೆನ್ನಿನ ಹತ್ತಿರ ಒದ್ದೆಯಾಗಿತ್ತು. ಫ್ಯಾನು ತಿರುಗುತ್ತಲೇ ಇತ್ತು.

"ತಪ್ಪಿ ಕೆಂಪಾಗಿದ್ರೆ?" ಎಂದೆ.

"ಸಿಗಡಿ ಹಾಳು. ಅಲ್ಲಿಗೆ ಹೋದ ಮೇಲೆ ವಾಪಸ್ ಕಳಸ್ತ್ರು. ಸಿಗಡಿ ಕೆರೆ ಮಾಡಿದವ್ರಿಗೇ ನಷ್ಟ," ಎಂದು ನೀರು ಕುಡಿದ.

"ಆತು," ಎಂದೆ. ಅಷ್ಟೇ ಎಂದದ್ದು. ಬಾಗಿಲ ಸಂದಿನಲ್ಲಿ ನಿಂತಿದ್ದ ಅವನ ತಾಯಿಗೆ ಅದು ಕೇಳಿಸಿತು. ಒಳಗೆ ಪಾತ್ರೆಯ ಸದ್ದು ಜೋರಾಯಿತು. ನಾವು ಏಳುವ ಮೊದಲು ಶಿರಾ ಬಂತು. ಅದರ ಪರಿಮಳಕ್ಕೆ ಎಚ್ಚರಾದ ಬಾವ, "ಭಾರೀ ಸ್ಕೋಪ್ ಇರೂ ಕೆಲಸ. ನಾನು ಮೊದ್ಲೇ ಹೇಳಿದ್ದೆ," ಎಂದರು.

ಕಥೆ ಇಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ, ಯಾಕೆಂದರೆ ನಾನು ಮನೆಗೆ ಬಂದು ಒಂದು ಉಪಾಯ ಹೇಳಿದೆ. ಆ ಅಕ್ಕಿ ಕೋಣೆಗೆ ರಸ್ತೆಯ ಕಡೆ ಒಂದು ಬಾಗಿಲು ಒಡೆಯುವುದು, ಎರಡು ಮೆಟ್ಟಿಲು ಕಟ್ಟುವುದು, ಮೇಲೆ ಒಂದು ಬೋರ್ಡು. ಹುಡುಗ ಮನೆಯ ಬಾಗಿಲಿನಿಂದ ಹೊರಗೆ ಬಂದು, ಅಂಗಳ ಸುತ್ತಿ, ಆ ಬಾಗಿಲಿನಿಂದ ಒಳಗೆ ಹೋದರೆ ಆಫೀಸಾಯಿತು. ಊರಿನ ಬಾಯಿ ಮುಚ್ಚುತ್ತದೆ, ಬೂಟೂ ಕಚ್ಚುವುದಿಲ್ಲ. ಬಾವ ಅದಕ್ಕಿಂತ ಮುಂದೆ ಹೋದರು. ನಿಶ್ಚಯದ ದಿನ ಎಲ್ಲರೆದುರು ಹೇಳುವಾಗ 'ಅಂತರರಾಷ್ಟ್ರೀಯ ಹಡಗು ವ್ಯವಹಾರದ ಅಧಿಕಾರಿ' ಎನ್ನಬೇಕು ಎಂದರು. ಅದನ್ನು ಮೂರ್ನಾಲ್ಕು ಸಲ ಗಂಟಲು ಸರಿಮಾಡಿಕೊಂಡು ಹೇಳಿಯೂ ನೋಡಿದರು.

ಮಗಳು ತಟ್ಟೆಯಲ್ಲಿ ಅನ್ನ ಕಲಸುತ್ತಿದ್ದವಳು ಕೈ ನಿಲ್ಲಿಸಿದಳು.

"ಅವ್ರ ಆಯಿ ಬಸ್ಸಿಗೆ ಹತ್ತಿಸ್ತು. ನೀನು ಬಾಗಿಲು ಒಡೀತೆ. ಮಾವ ಅಧಿಕಾರಿ ಮಾಡ್ತ್ರು. ಅವ್ರು ಮಾಡೂ ಕೆಲಸ ಯಾರಿಗೂ ಬ್ಯಾಡ ಅಲ್ದಾ?" ಎಂದಳು. "ಅಪ್ಪಾ, ನೀನು ನೋಡಿ ಬಂದ್ಯಲ್ಲ. ಕೆಲಸ ಹೌದಾ ಅಲ್ವಾ?"

"ಹೌದು."

"ಹಾಂಗಾರೆ ಎಲ್ಲರೆದ್ರು ನೀನೇ ಹೇಳು. ಇದ್ದದ್ದು ಇದ್ದಹಾಂಗೆ. ಮನೇಲೇ ಇದ್ದ ಅಂತಲೂ ಹೇಳು. ಅದು ಬಿಟ್ಟು ಬೇರೆ ಎಂತಾದ್ರೂ ಹೇಳಿರೆ ನಾನು ಅವತ್ತು ಒಳಗಿಂದ ಹೊರಗೆ ಬರೂದಿಲ್ಲ."

ನನ್ನ ಹೆಂಡತಿ ನನ್ನನ್ನು ನೋಡಿ, "ಗತ್ತು ಯಾರದ್ದು ಬಂದದೆ ನೋಡು," ಎಂದಳು. ನನಗೆ ಒಳಗಿನಿಂದ ಸಂತೋಷವೇ ಆಯಿತು, ಆದರೆ ಅದನ್ನು ಊಟದ ತಟ್ಟೆಯ ಮೇಲೆ ತೋರಿಸುವಂತಿರಲಿಲ್ಲ.

ಹೇಳುವುದು ಅಷ್ಟು ಸುಲಭವಲ್ಲ. ನಮ್ಮಲ್ಲಿ ನಿಶ್ಚಯದ ದಿನ ವೀಳ್ಯ ಬದಲಾಯಿಸುವ ಮೊದಲು ಹುಡುಗಿಯ ಕಡೆಯ ಹಿರಿಯನೊಬ್ಬ ಎದ್ದು ನಿಂತು ಹುಡುಗ ಯಾರು, ಯಾವ ಮನೆ, ಯಾವ ಊರು, ಎಂತ ಕೆಲಸ ಎಂದು ನೆರೆದವರಿಗೆಲ್ಲ ಕೇಳುವ ಹಾಗೆ ಹೇಳಬೇಕು. ಹೇಳಿದ್ದನ್ನು ಎರಡೂ ಊರಿನವರು ಮನೆಗೆ ಹೊತ್ತುಕೊಂಡು ಹೋಗುತ್ತಾರೆ. ನಾನು ಕಟ್ಟಿದ ಗೋಡೆಗಳ ಬಗ್ಗೆ ಬಸ್ಸಿನ ತುಂಬ ಮಾತಾಡಿದವನೇ ಹೊರತು, ಗೋಡೆಯಿಲ್ಲದ ಕೆಲಸದ ಬಗ್ಗೆ ಮಾತಾಡಿ ಗೊತ್ತಿಲ್ಲ.

ಆ ದಿನ ಕರ್ಕಿಯವರು ಒಂದು ಟೆಂಪೋ ತುಂಬ ಬಂದರು. ನಮ್ಮ ಅಂಗಳದ ಚಪ್ಪರದಲ್ಲಿ ಎರಡೂ ಕಡೆಯವರು ಎದುರುಬದುರು ಕೂತರು. ಹುಡುಗ ಪಂಚೆ ಉಟ್ಟು ಬಂದಿದ್ದ, ಕಾಲಿಗೆ ಚಪ್ಪಲಿ. ಬಾವ ನನ್ನ ಪಕ್ಕ ಕೂತು, ನಾನು ಎಲ್ಲಿಯಾದರೂ ತಡವರಿಸಿದರೆ ಅಧಿಕಾರಿಯನ್ನು ಹೊರಗೆ ಬಿಡಲು ಸಿದ್ಧವಾಗಿದ್ದರು. ಒಳಬಾಗಿಲಿಗೆ ಪರದೆ ಎಳೆದಿತ್ತು. ಅದರ ಕೆಳಗೆ ಮಗಳ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಅದು ಅಲುಗುತ್ತಿರಲಿಲ್ಲ.

ನಾನು ಎದ್ದು ನಿಂತೆ. ಮನೆ ಹೇಳಿದೆ, ಊರು ಹೇಳಿದೆ. ಆಮೇಲೆ ಹೇಳಿದೆ:

"ಹುಡುಗ ಮನೇಲೇ ಇದ್ದ."

ನಮ್ಮ ಕಡೆಯ ಹೆಂಗಸರ ಸಾಲಿನಲ್ಲಿ ಬಳೆಗಳ ಸದ್ದು ನಿಂತಿತು.

"ಮನೇಲೇ ಕೂತ್ಕಂಡು ದುಡೀತ. ಪರದೇಶಕ್ಕೆ ಹೋಗೂ ಸಿಗಡಿ ದಾರೀಲಿ ಹಾಳಾಗದ ಹಾಂಗೆ ಕಾಯ್ತ. ನಾನು ಒಂದು ಮಧ್ಯಾಹ್ನ ಪೂರ್ತಿ ಬದಿಗೆ ಕೂತು ನೋಡಿದ್ದೆ. ಕಣ್ಣಿಗೆ ಎಂತದೂ ಕಾಣೂದಿಲ್ಲ. ಆದ್ರೆ ನಿಮ್ಗೆ ಹೇಳ್ತೆ, ಕೆಲಸ ಹೌದು. ಆ ಕೆಲಸ ನಂಗೆ ಕೊಟ್ರೆ ನಾನು ಅರ್ಧ ಗಂಟೆ ಕೂತ್ಕಳೂದಿಲ್ಲ. ಇವ್ರು," ಎಂದು ಬಾವನ ಕಡೆ ಕೈ ತೋರಿಸಿದೆ, "ಅಷ್ಟೂ ಕೂತ್ಕಳ್ಲಿಲ್ಲ, ಮಲಗ್ದ್ರು."

ಚಪ್ಪರ ನಕ್ಕಿತು. ನಗು ಇಳಿದ ಮೇಲೆ ಕರ್ಕಿಯ ಕಡೆಯ ಮುದುಕಿಯೊಬ್ಬಳು, ಹುಡುಗನ ದೊಡ್ಡಾಯಿಯಂತೆ, ಎಲೆಯಡಿಕೆ ಕವಳದ ಬಾಯಲ್ಲೇ ಕೇಳಿದಳು: "ಹಾಂಗಾರೆ ತಮಾ, ದಿನಾ ಬೆಳಿಗ್ಗೆ ಬ್ಯಾಗ್ ಹಾಕ್ಕಂಡು ಹೋತಿದ್ದದ್ದು ಎಲ್ಲಿಗೆ?"

ಎಲ್ಲರೂ ಹುಡುಗನ ಮುಖ ನೋಡಿದರು. ಹುಡುಗ ತನ್ನ ತಾಯಿಯ ಮುಖ ನೋಡಿದ. ಆ ಹೆಂಗಸು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುತ್ತಾರೆಂದು ನನಗೆ ಗಾಬರಿಯಾಯಿತು. ಭುಜ ಅಲುಗುವುದು ನೋಡಿದ ಮೇಲೆ ಗೊತ್ತಾಯಿತು, ಅವರು ನಗುತ್ತಿದ್ದರು. "ನಾನೇ ಕಳಸ್ತಿದ್ದೆ ಅಕ್ಕಾ," ಎಂದರು. "ಬಿಸಿಲಿಗೆ ಹೋಗಿ ಬರ್ಲಿ ಅಂತ."

"ಒಳ್ಳೇದೇ ಮಾಡ್ದೆ," ಎಂದಳು ಮುದುಕಿ. ಆಮೇಲೆ ನನ್ನ ಕಡೆ ತಿರುಗಿ, "ಮೇಸ್ತ್ರೀ, ನಮ್ಮ ಮೊಮ್ಮಗನೂ ಮನೇಲೇ ಇದ್ದ. ಅವಂಗೆ ಅಲ್ಲೊಂದು ಜಾಗ ಅದ್ಯ ಕೇಳೂಕೆ ಆತ್ತದ್ಯ?" ಎಂದಳು.

ಬಾವ ಆಗಲೇ ಅವಳ ಮೊಮ್ಮಗನ ವಯಸ್ಸು ವಿಚಾರಿಸುತ್ತಿದ್ದರು. ಅವನಿಗೆ ಡ್ರೋನ್ ಒಳ್ಳೆಯದಂತೆ.

ಈ ಗಲಾಟೆಯ ನಡುವೆ ಪರದೆ ಸರಿಯಿತು. ಮಗಳು ಹರಿವಾಣ ಹಿಡಿದುಕೊಂಡು ಹೊರಗೆ ಬಂದಳು. ಬಂದಳಲ್ಲ, ಅಷ್ಟು ಸಾಕಿತ್ತು ನನಗೆ. ಬೆವರು ಒರೆಸುವ ನೆವದಲ್ಲಿ ಟವೆಲಿನಿಂದ ಕಣ್ಣು ಒರೆಸಿಕೊಂಡೆ. ನನ್ನ ಹತ್ತಿರ ದಾಟುವಾಗ ಅವಳು ಸ್ವಲ್ಪ ಬಗ್ಗಿ, ನನಗೊಬ್ಬನಿಗೇ ಕೇಳುವ ಹಾಗೆ ಹೇಳಿದಳು:

"ಅಪ್ಪಾ, ನೀನು ಕೆಲಸ ಎಲ್ಲಾ ಸಮಾ ಹೇಳ್ದೆ. ಅವ್ರ ಹೆಸರು ಹೇಳೂದೇ ಮರ್ತೆ."

ನಾನು ಮತ್ತೊಮ್ಮೆ ಎದ್ದು ನಿಂತೆ.